ಕದ್ದ ಕುಂಚದ ಬೆಲೆ

ಮಧುಗಿರಿಯ ಸೀಮೆಯ ಬಡವನಹಳ್ಳಿಯಲ್ಲಿ ನನ್ನ ಅಕ್ಕನ ಮಗನದೊಂದು ಫೋಟೋ ಸ್ಟುಡಿಯೋ ಇದೆ. ಸ್ಟುಡಿಯೋ ಎಂದರೆ ಮಹಾ ದೊಡ್ಡದೇನೂ ಅಲ್ಲ. ಒಂದು ಮಳಿಗೆ, ಒಂದು ನೀಲಿ ಪರದೆ, ಎರಡು ದೀಪ, ಒಂದು ಕಂಪ್ಯೂಟರು. ಪರೀಕ್ಷೆಯ ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಅಳತೆಯ ಭಾವಚಿತ್ರ, ಮದುವೆಯ ಆಲ್ಬಂ, ಜಾತ್ರೆಯ ಫ್ಲೆಕ್ಸು, ತೀರಿಕೊಂಡವರ ಶ್ರದ್ಧಾಂಜಲಿ ಪಟ, ಇವೇ ಅವನ ಜೀವನೋಪಾಯ. ಈಚೆಗೆ ನಾನು ಅಲ್ಲಿಗೆ ಹೋದಾಗ ಹಾಡುಹಗಲೇ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಹುಡುಗ ತಲೆಯ ಮೇಲೆ ಕೈಹೊತ್ತು ಕುಳಿತಿದ್ದನು.

“ಮಾವ, ಎಲ್ಲಾ ಹೋಯ್ತು” ಎಂದನು.

ನಡೆದದ್ದು ಇಷ್ಟು. ಪೇಟೆಯ ರಿಪೇರಿಯವನೊಬ್ಬನು ಐನೂರು ರೂಪಾಯಿ ತೆಗೆದುಕೊಂಡು ‘ಕ್ರ್ಯಾಕ್’ ಮಾಡಿದ ಫೋಟೋಶಾಪನ್ನು ಹಾಕಿಕೊಟ್ಟಿದ್ದನು. ಹಾಕುವ ಮುನ್ನ ವೈರಸ್ಸಿನ ಕಾವಲನ್ನು ನಿಲ್ಲಿಸಿದ್ದನಂತೆ. ಕದ್ದ ಮಾಲು ಒಳಗೆ ಬರಬೇಕಾದರೆ ಕಾವಲುಗಾರನು ಮಲಗಿರಬೇಕಲ್ಲವೆ? ಮಾಲಿನ ಜೊತೆಗೆ ಕಳ್ಳನೂ ಬಂದನು. ಒಂದು ಬೆಳಿಗ್ಗೆ ನೋಡಿದರೆ ಕಡತಗಳಿಗೆಲ್ಲ ಬೀಗ. ಬಿಡಿಸಬೇಕಾದರೆ ಡಾಲರುಗಳಲ್ಲಿ ಹಣ ಕಳುಹಿಸೆಂದು ಪರದೆಯ ಮೇಲೆ ಒಕ್ಕಣೆ. ಒಂದು ಮದುವೆಯ ಚಿತ್ರಗಳೆಲ್ಲವೂ ಅದರಲ್ಲಿ ಸಿಕ್ಕಿಬಿದ್ದಿದ್ದವು. ಕ್ಯಾಮರಾದ ಕಾರ್ಡನ್ನು ಮುಂದಿನ ಮದುವೆಗಾಗಿ ಆಗಲೇ ಅಳಿಸಿಯಾಗಿತ್ತು.

ಹೆಣ್ಣಿನ ತಂದೆ ಬಂದು ಕೂಗಾಡಿದ್ದರೆ ಚೆನ್ನಾಗಿತ್ತು. ಆತನು ಕೂಗಾಡಲಿಲ್ಲ. ಮದುವೆಯಾದ ಹದಿನೈದು ದಿನಕ್ಕೆ ಆತನ ತಾಯಿ ತೀರಿಕೊಂಡಿದ್ದರು. “ನಮ್ಮಮ್ಮ ಅಕ್ಷತೆ ಹಾಕೋದು ಒಂದಾದರೂ ಸಿಗುತ್ತೇನಪ್ಪ?” ಎಂದು ಕೇಳಿ, ಉತ್ತರಕ್ಕಾಗಿ ಕಾದು ನಿಂತಿದ್ದನಂತೆ.

ಇದನ್ನು ಇಲ್ಲಿ ಬರೆಯುವುದಕ್ಕೆ ಕಾರಣವುಂಟು. ಇಂದು ಸ್ಟುಡಿಯೋದವನೊಬ್ಬನೇ ಅಲ್ಲ, ಮನೆಯಲ್ಲಿ ಸೀರೆ ಮಾರುವ ಗೃಹಿಣಿ, ಹಪ್ಪಳ ಸಂಡಿಗೆಯ ಪೊಟ್ಟಣಕ್ಕೆ ಚೀಟಿ ಮಾಡಿಸುವ ಅತ್ತೆ ಸೊಸೆಯರು, ಎಲ್ಲರಿಗೂ ಚಿತ್ರ ತಿದ್ದುವ ತಂತ್ರಾಂಶ ಬೇಕು. “ಎಲ್ಲರೂ ಹಾಕಿಸ್ತಾರೆ, ನಾವೂ ಹಾಕಿಸಿದೆವು” ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಆದರೆ 1957ರ ಕೃತಿಸ್ವಾಮ್ಯ ಅಧಿನಿಯಮದ 63-ಬಿ ಕಲಮು ಬೇರೆಯೇ ಹೇಳುತ್ತದೆ. ಕಳ್ಳಪ್ರತಿಯೆಂದು ತಿಳಿದೂ ಕಂಪ್ಯೂಟರಿನಲ್ಲಿ ಬಳಸಿದವರಿಗೆ 7 ದಿನಗಳಿಗೆ ಕಡಮೆಯಿಲ್ಲದೆ 3 ವರ್ಷಗಳವರೆಗೆ ಸೆರೆಮನೆ, 50,000 ರೂಪಾಯಿಗಳಿಂದ 2 ಲಕ್ಷದವರೆಗೆ ದಂಡ. ವ್ಯಾಪಾರಕ್ಕಾಗಿ ಬಳಸದವನಿಗೆ ನ್ಯಾಯಾಲಯ ರಿಯಾಯಿತಿ ತೋರಬಹುದು. ಅಂಗಡಿಯವನಿಗೆ ಆ ದಾರಿಯೂ ಇಲ್ಲ.

ಹಾಗಾದರೆ ಬಡವನ ಗತಿಯೇನು? ಫೋಟೋಶಾಪು ಒಳ್ಳೆಯ ಸಾಧನವೇ ಸರಿ. ಆದರೆ 2013ರಿಂದೀಚೆಗೆ ಅದರ ಹೊಸ ಆವೃತ್ತಿಗಳನ್ನು ಒಮ್ಮೆಗೇ ಕೊಂಡುಕೊಳ್ಳುವಂತಿಲ್ಲ. ಬಾಡಿಗೆಯ ಮನೆಯಂತೆ ಚಂದಾ ಕಟ್ಟುತ್ತಿರಬೇಕು. ದಿನವೆಲ್ಲ ಆಲ್ಬಂ ಕೆಲಸವಿರುವವನಿಗೆ ಆ ಬಾಡಿಗೆ ಗಿಟ್ಟೀತು. ದಿನಕ್ಕೆ ಹತ್ತು ಪಾಸ್‌ಪೋರ್ಟ್ ಚಿತ್ರ ಕತ್ತರಿಸುವವನಿಗೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಆದ್ದರಿಂದ ಹೆಸರು ನೋಡಿ ಆರಿಸಬೇಡಿ. ಮೊದಲು ಒಂದು ವಾರ ನೀವು ಮಾಡುವ ಕೆಲಸಗಳನ್ನು ಕಾಗದದ ಮೇಲೆ ಬರೆದಿಡಿ. ಬಣ್ಣ ತಿದ್ದುವುದು, ಹಿನ್ನೆಲೆ ತೆಗೆಯುವುದು, ಅಳತೆಗೆ ಕತ್ತರಿಸುವುದು, ಹೆಸರು ಬರೆಯುವುದು, ಬಹುಮಟ್ಟಿಗೆ ಪಟ್ಟಿ ಇಲ್ಲಿಗೇ ಮುಗಿಯುತ್ತದೆ.

ಇಷ್ಟಕ್ಕೆ ಜಿಂಪ್ ಸಾಕು. ಬರ್ಕ್‌ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, 1995ರಲ್ಲಿ ಆರಂಭಿಸಿದ ತಂತ್ರಾಂಶವಿದು. 2025ರಲ್ಲಿ ಇದರ ಮೂರನೆಯ ದೊಡ್ಡ ಆವೃತ್ತಿ ಹೊರಬಂದಿತು. ಕಾಸು ಕೊಡಬೇಕಾಗಿಲ್ಲ, ವ್ಯಾಪಾರಕ್ಕೆ ಬಳಸಲೂ ಅದರ ಪರವಾನಗಿಯಲ್ಲಿ ಅನುಮತಿಯಿದೆ. ಲಾಂಛನ, ಚೀಟಿಗಳಂಥ ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್ ಉಂಟು. ಮುದ್ರಣಾಲಯದವರು ನಾಲ್ಕು ಬಣ್ಣಗಳ ಕಡತವನ್ನೇ ಕೇಳಿದರೆ ಕ್ರಿಟಾ ನೆರವಿಗೆ ಬರುತ್ತದೆ. ಗಿರಾಕಿಯು ಫೋಟೋಶಾಪಿನ ಕಡತವನ್ನೇ ತಂದರೆ ಬ್ರೌಸರಿನಲ್ಲಿಯೇ ತೆರೆಯುವ ಫೋಟೋಪೀ ಇದೆ. ನಡುನಡುವೆ ಜಾಹೀರಾತು ಸಹಿಸಬೇಕು, ಅಷ್ಟೆ. ಯಾವುದನ್ನೇ ಆಗಲಿ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳತಕ್ಕದ್ದು. ಪರರ ಪೆನ್‌ಡ್ರೈವಿನಿಂದ ಕೂಡದು.

ಕನ್ನಡಿಗರು ಮರೆಯಬಾರದ ಪರೀಕ್ಷೆ ಮತ್ತೊಂದಿದೆ. ಹೊಸ ತಂತ್ರಾಂಶದಲ್ಲಿ ಮೊದಲು ‘ಲಕ್ಷ್ಮೀ’, ‘ಮುಹೂರ್ತ’, ‘ಸ್ವಾಗತ’ ಎಂದು ಯೂನಿಕೋಡಿನಲ್ಲಿ ಬರೆದು ನೋಡಿ. ಒತ್ತಕ್ಷರ ತನ್ನ ಸ್ಥಾನದಲ್ಲಿ ಕೂಡದೆ ಬಿಡಿಬಿಡಿಯಾಗಿ ನಿಂತರೆ ಆ ಸಾಧನ ಎಷ್ಟು ಬೆಲೆಯದಾದರೂ ನಮಗೆ ಅನುಪಯುಕ್ತ. ಫೋಟೋಶಾಪಿನ ಹಳೆಯ ಆವೃತ್ತಿಗಳಲ್ಲಿ ದಕ್ಷಿಣ ಏಷ್ಯದ ಲಿಪಿಗಳ ವ್ಯವಸ್ಥೆಯನ್ನು ನಾವೇ ಹುಡುಕಿ ಆರಿಸದಿದ್ದರೆ ಈ ಅವಸ್ಥೆಯೇ ಆಗುತ್ತಿತ್ತು. ಜಿಂಪಿನಲ್ಲಿ ಒತ್ತುಗಳು ತಾವಾಗಿಯೇ ಕೂಡುತ್ತವೆ. ಅಕ್ಷರಶೈಲಿಗೂ ಒಡೆಯರುಂಟೆಂಬುದು ನೆನಪಿರಲಿ. ನೋಟೋ, ಬಲೂ ತಮ್ಮ ಮುಂತಾದವು ಮುಕ್ತ ಪರವಾನಗಿಯವಾದ್ದರಿಂದ ನಿಶ್ಚಿಂತೆಯಾಗಿ ಬಳಸಬಹುದು.

ಹೊಸ ಸಾಧನದ ಅಭ್ಯಾಸಕ್ಕೆ ಕೆಲವು ವಾರ ಬೇಕು. ಬೆರಳಿಗೆ ಹಳೆಯ ಗುಂಡಿಗಳೇ ನೆನಪಾಗಿ ಕೋಪ ಬರುತ್ತದೆ. ಆ ಕೋಪವೇ ನೀವು ತೆರುವ ಬೆಲೆ. ಇನ್ನೊಂದು ಮಾತು: ತಂತ್ರಾಂಶ ಎಷ್ಟೇ ನ್ಯಾಯವಾದದ್ದಾಗಿರಲಿ, ಗಿರಾಕಿಯ ಚಿತ್ರಗಳ ಎರಡನೆಯ ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕಿ, ಕಂಪ್ಯೂಟರಿನಿಂದ ಬಿಡಿಸಿ ಪೆಟ್ಟಿಗೆಯಲ್ಲಿಡುವವರೆಗೂ ಕ್ಯಾಮರಾದ ಕಾರ್ಡನ್ನು ಅಳಿಸಬೇಡಿ.

ನಮ್ಮ ಹುಡುಗ ಕಂಪ್ಯೂಟರನ್ನು ಪೂರ್ತಿ ಒರೆಸಿ ಮೊದಲಿನಿಂದ ಕಟ್ಟಿದನು. ಆಮೇಲೆ ಅವನ ಫೋನಿನಲ್ಲೊಂದು ಚಿತ್ರ ಸಿಕ್ಕಿತು. ಮದುವೆಯ ದಿನವೇ ವಾಟ್ಸ್ಆಪಿನಲ್ಲಿ ಕಳುಹಿಸಿದ್ದ ಸಣ್ಣ ಪ್ರತಿ. ಮೂಲೆಯಲ್ಲಿ ಅಜ್ಜಿ ಕೈಯೆತ್ತಿ ನಿಂತಿದ್ದಾರೆ. ಜಿಂಪಿನಲ್ಲಿ ಅದನ್ನು ಎರಡು ರಾತ್ರಿ ತಿದ್ದಿ ಅಂಗೈ ಅಗಲದ ಪಟ ಮಾಡಿ, ಕಟ್ಟು ಹಾಕಿಸಿ ಒಯ್ದು ಕೊಟ್ಟನಂತೆ. ಅದಕ್ಕಿಂತ ದೊಡ್ಡದು ಮಾಡಿದರೆ ಮುಖ ಕರಗಿಹೋಗುತ್ತಿತ್ತು.

“ದುಡ್ಡು ತಗೊಂಡೆಯಾ?” ಎಂದು ಕೇಳಿದೆ.

“ಹೇಗೆ ತಗೊಳ್ಳಲಿ ಮಾವ?” ಎಂದನು.

ಐನೂರು ರೂಪಾಯಿಗೆ ಸಿಕ್ಕಿದ ಸಾಧನದ ಲೆಕ್ಕ ಕೊನೆಗೆ ಅಲ್ಲಿಗೆ ಮುಟ್ಟಿತು.