ಮೂವತ್ತೈದು ದಾಟಿದವಳು ನರ್ಸ್ ಆಗಬಾರದೇ?

ಬೆಳಗಾವಿಯ ಆಸ್ಪತ್ರೆಗಳಲ್ಲಿ ಒಂದು ರಾತ್ರಿ ಕಳೆದವರಿಗೆ 'ಮಾವಶಿ' ಯಾರೆಂದು ವಿವರಿಸಬೇಕಾಗಿಲ್ಲ. ರೋಗಿಯನ್ನು ಎತ್ತಿ ಕೂರಿಸುವವಳು, ಚಾದರ ಬದಲಿಸುವವಳು, ಬೆಡ್‌ಪ್ಯಾನ್ ಇಡುವವಳು, ನಡುರಾತ್ರಿ ಬಾಣಂತಿಗೆ ಧೈರ್ಯ ಹೇಳುವವಳು ಅವಳೇ. ವಯಸ್ಸು ನಲವತ್ತೋ ಐವತ್ತೋ ಆಗಿರುತ್ತದೆ. ಆ ವಯಸ್ಸಿನಲ್ಲೂ ತನಗಿಂತ ಭಾರವಾದ ರೋಗಿಯ ಮಗ್ಗುಲು ಬದಲಿಸುವ ಶಕ್ತಿ ಅವಳಿಗಿದೆಯೆಂದು ಎಲ್ಲರೂ ನಂಬುತ್ತಾರೆ. ಆದರೆ ಅದೇ ಹೆಣ್ಣುಮಗಳು ಮೂವತ್ತಾರನೆಯ ವಯಸ್ಸಿನಲ್ಲಿ ನರ್ಸಿಂಗ್ ಶಾಲೆಯ ಬಾಗಿಲು ತಟ್ಟಿದ್ದರೆ, ನಿನಗೆ ವಯಸ್ಸಾಯಿತು, ಮನೆಗೆ ಹೋಗು ಎನ್ನುತ್ತಿತ್ತು ನಿಯಮ.

ಇದು ಯಾರೋ ಒಬ್ಬ ಪ್ರಾಂಶುಪಾಲರ ಹಠವಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ರೂಪಿಸಿದ ನಿಯಮದ ಪ್ರಕಾರ ಎ.ಎನ್.ಎಂ., ಜಿ.ಎನ್.ಎಂ. ಹಾಗೂ ಬಿ.ಎಸ್ಸಿ. ನರ್ಸಿಂಗ್ ಪ್ರವೇಶಕ್ಕೆ ಕನಿಷ್ಠ ವಯಸ್ಸು 17, ಗರಿಷ್ಠ 35. ಇದೇ ನಿಯಮದಲ್ಲಿ ಒಂದು ವಿನಾಯಿತಿಯೂ ಇದೆ. ಈಗಾಗಲೇ ಎ.ಎನ್.ಎಂ. ಆಗಿರುವವರು ಜಿ.ಎನ್.ಎಂ. ಓದುವುದಾದರೆ ವಯಸ್ಸಿನ ತಡೆಯಿಲ್ಲ. ಅಂದರೆ ನಲವತ್ತರ ಹೆಣ್ಣು ಅಂಗರಚನಾ ಶಾಸ್ತ್ರ ಕಲಿಯಬಲ್ಲಳು, ರಾತ್ರಿ ಪಾಳಿ ಮಾಡಬಲ್ಲಳು, ಪರೀಕ್ಷೆ ಬರೆಯಬಲ್ಲಳು ಎಂಬುದನ್ನು ಕೌನ್ಸಿಲ್ ಒಪ್ಪಿದೆ. ಹಾಗಾದರೆ ಉಳಿದವರಿಗೆ ಈ ತಡೆ ಏಕೆ?

ಉತ್ತರ ಸಿಗುವುದಿಲ್ಲ, ಬದಲಿಗೆ ವಿಪರ್ಯಾಸಗಳ ಸಾಲೇ ಸಿಗುತ್ತದೆ. ವೈದ್ಯರಾಗಲು ಬರೆಯಬೇಕಾದ ನೀಟ್ ಪರೀಕ್ಷೆಗಿದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಲಾಯಿತು. ಐವತ್ತರ ವ್ಯಕ್ತಿ ಎಂ.ಬಿ.ಬಿ.ಎಸ್. ಸೇರಬಹುದು, ಆದರೆ ಅವರ ಪಕ್ಕದಲ್ಲಿ ನಿಂತು ಚುಚ್ಚುಮದ್ದು ಕೊಡುವವಳು ಮೂವತ್ತೈದರೊಳಗೇ ಕಲಿಯಲು ಬರಬೇಕು. ಕರ್ನಾಟಕದ 1977ರ ಸಾಮಾನ್ಯ ನೇಮಕಾತಿ ನಿಯಮಗಳು ವಿಧವೆಯರಿಗೆ ವಯೋಮಿತಿಯಲ್ಲಿ ಹತ್ತು ವರ್ಷಗಳ ಸಡಿಲಿಕೆ ಕೊಟ್ಟಿವೆ. ಗಂಡನನ್ನು ಕಳೆದುಕೊಂಡವಳು ತಡವಾಗಿ ದುಡಿಮೆಗೆ ಇಳಿಯುತ್ತಾಳೆಂಬ ತಿಳುವಳಿಕೆ ಸರಕಾರಕ್ಕೆ ಇದೆ. ಹುದ್ದೆಗೆ ಅರ್ಜಿ ಹಾಕುವಾಗ ಕಾಣುವ ಈ ಕರುಣೆ, ಆ ಹುದ್ದೆಗೆ ಬೇಕಾದ ಓದಿನ ಬಾಗಿಲಲ್ಲಿ ಕಾಣುವುದಿಲ್ಲ. ಕೆಲಸ ಕೊಡಲು ಸಿದ್ಧ, ಕಲಿಸಲು ಸಿದ್ಧರಿಲ್ಲ!

ಆಶಾ ಕಾರ್ಯಕರ್ತೆಯರ ವಿಷಯವನ್ನೇ ನೋಡಿ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಸಾವಿರ ಜನಸಂಖ್ಯೆಗೊಬ್ಬ ಆಶಾ ಬೇಕೆಂದಿತು. ವಯಸ್ಸು 25ರಿಂದ 45. ವಿವಾಹಿತೆ, ವಿಧವೆ, ವಿಚ್ಛೇದಿತೆಗೆ ಆದ್ಯತೆ. ಏಕೆಂದರೆ ಇಂಥವಳು ಊರು ಬಿಟ್ಟು ಹೋಗುವುದಿಲ್ಲ. ಕಡಿಮೆ ಹಣಕ್ಕೆ ಹಳ್ಳಿ ಸುತ್ತಲು ಬೇಕಾದಾಗ ಅವಳ ವಯಸ್ಸು, ಮದುವೆ, ಮಕ್ಕಳು ಎಲ್ಲವೂ ಅರ್ಹತೆ. ಅವಳೇ ನೋಂದಾಯಿತ ನರ್ಸ್ ಆಗುತ್ತೇನೆಂದಾಗ ಅವೆಲ್ಲವೂ ಅಡ್ಡಿ.

ಖಾನಾಪುರದವರಿಗೆ ಈ ಮಾತಿನ ಬೆಲೆ ಗೊತ್ತು. ತಾಲೂಕು ಕೇಂದ್ರ ಬೆಳಗಾವಿಗೆ ಹತ್ತಿರದಲ್ಲೇ ಇದೆ, ರೈಲೂ ಇದೆ. ಆದರೆ ಜಾಂಬೋಟಿ, ಕಣಕುಂಬಿ ದಾಟಿ ಭೀಮಗಡದ ಕಾಡಿನತ್ತ ಹೋದರೆ ಬೇರೆಯೇ ಲೋಕ. 2024ರ ಜುಲೈ ಮಳೆಯಲ್ಲಿ ಆಮಗಾಂವದ ಹೆಣ್ಣುಮಗಳೊಬ್ಬಳನ್ನು ಊರವರು ಹೆಗಲ ಮೇಲೆ ಹೊತ್ತು ಕಾಡುದಾರಿ ದಾಟಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಇಂಥ ಕಡೆ ಬೇಕಾಗಿರುವುದು ಎರಡು ವರ್ಷ ಇದ್ದು ವರ್ಗಾವಣೆ ಕೇಳುವ ನರ್ಸ್ ಅಲ್ಲ. ಅಲ್ಲಿಯದೇ ಮನೆ, ಅಲ್ಲಿಯದೇ ಭಾಷೆ ಇರುವ, ಯಾವ ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ ಎಂದು ಬಲ್ಲ ಹೆಣ್ಣುಮಗಳು ಬೇಕು. ಇಪ್ಪತ್ತೆರಡರ ನರ್ಸ್ ಕೊಲ್ಲಿ ದೇಶಕ್ಕೋ ಬ್ರಿಟನ್ನಿಗೋ ಹೋದರೆ ನಾವು ದೂರುವುದಿಲ್ಲ, ಅದು ಅವಳ ಹಕ್ಕು. ಆದರೆ ಹೋಗದೆ ಉಳಿಯುವವಳನ್ನು ಹುಡುಕದೆ ಕೂತವರನ್ನು ದೂರಲೇಬೇಕು. ಈ ತಾಲೂಕಿನಲ್ಲಿ ನಾಮಫಲಕ ಯಾವ ಭಾಷೆಯಲ್ಲಿರಬೇಕೆಂಬ ಜಗಳಕ್ಕೆ ನೂರು ಜನ ಸೇರುತ್ತಾರೆ. ಮಳೆಗಾಲದ ಹೆರಿಗೆಗೆ ನರ್ಸ್ ಎಲ್ಲಿಂದ ಬರಬೇಕೆಂದು ಕೇಳಲು ಹತ್ತು ಜನ ಸೇರುವುದಿಲ್ಲ.

ತಡವಾಗಿ ಕಲಿತವಳಿಂದ ಸೇವೆ ಎಷ್ಟು ವರ್ಷ ಸಿಕ್ಕೀತು ಎಂಬುದು ಒಂದು ವಾದ. ಲೆಕ್ಕ ಮಾಡೋಣ. ಜಿ.ಎನ್.ಎಂ. ಮೂರು ವರ್ಷ. ಮೂವತ್ತೆಂಟಕ್ಕೆ ಸೇರಿದವಳು ನಲವತ್ತೊಂದಕ್ಕೆ ನರ್ಸ್. ರಾಜ್ಯ ಸರಕಾರದ ನಿವೃತ್ತಿ ವಯಸ್ಸು 60. ಹತ್ತೊಂಬತ್ತು ವರ್ಷಗಳ ಸೇವೆ ಕಡಿಮೆಯೇ? ಬ್ರಿಟನ್ನಿನ ನರ್ಸಿಂಗ್ ಪದವಿಗೆ ಗರಿಷ್ಠ ವಯೋಮಿತಿಯೇ ಇಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆ ಕಲಿಯಲು ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋದದ್ದು 1851ರಲ್ಲಿ, 31ನೆಯ ವಯಸ್ಸಿಗೆ. ಮನೆಯವರ ವಿರೋಧ ಇನ್ನೈದು ವರ್ಷ ಮುಂದುವರಿದಿದ್ದರೆ ನಮ್ಮ ನಿಯಮದ ಮುಂದೆ ಅವರೂ ಅನರ್ಹರೇ! ಅವರ ಜನ್ಮದಿನವಾದ ಮೇ 12ರಂದು ಮೇಣದ ಬತ್ತಿ ಹಚ್ಚುವ ನರ್ಸಿಂಗ್ ಶಾಲೆಗಳು ಇದನ್ನು ಯೋಚಿಸಬೇಕು.

ಇನ್ನು ನಮ್ಮ ಮನೆಗಳ ಮಾತು. ಹೆಣ್ಣು ಮಕ್ಕಳನ್ನು ಹತ್ತನೆಯ ತರಗತಿಗೇ ಬಿಡಿಸಿ ಮದುವೆ ಮಾಡಿದವರು ನಾವು. ಅವಳ ಮಕ್ಕಳು ದೊಡ್ಡವರಾಗಿ ಅವಳಿಗೆ ಪುರುಸೊತ್ತು ಸಿಗುವಾಗ ನಿಯಮದ ಗಡುವು ಸಮೀಪಿಸಿರುತ್ತದೆ. ಆಗಲೂ 'ಮಗಳು ಕಾಲೇಜಿಗೆ, ಅಮ್ಮನೂ ಕಾಲೇಜಿಗೆ' ಎಂದು ನಗುವವರೇ ಹೆಚ್ಚು. ಜಮಾಅತ್‌ಗಳು, ಜಾತಿ ಸಂಘಗಳು, ಟ್ರಸ್ಟುಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಹಂಚಿ ಫೋಟೊ ತೆಗೆಸಿಕೊಳ್ಳುತ್ತವೆ. ಅರ್ಜಿ ನಮೂನೆಯಲ್ಲಿ ತಂದೆಯ ಹೆಸರಿಗೆ ಜಾಗವಿರುತ್ತದೆ, ಮೂವತ್ತೆರಡರ ಗೃಹಿಣಿಗೆ ಜಾಗವಿರುವುದಿಲ್ಲ. ಮುಕ್ತ ಶಾಲೆಯಿಂದ ಪಾಸಾದ ಹನ್ನೆರಡನೆಯ ತರಗತಿಯನ್ನು ನರ್ಸಿಂಗ್ ಕೌನ್ಸಿಲ್ ಮಾನ್ಯ ಮಾಡುತ್ತದೆಂಬ ಸಂಗತಿಯನ್ನು ಇವರಲ್ಲಿ ಎಷ್ಟು ಮಂದಿ ಯಾರಿಗೆ ತಿಳಿಸಿದ್ದಾರೆ?

ಓದದೆ ಉಳಿದವಳು ಆಸ್ಪತ್ರೆಯಿಂದ ದೂರವೇನೂ ಉಳಿಯುವುದಿಲ್ಲ. ಹಿಂಬಾಗಿಲಿನಿಂದ ಬರುತ್ತಾಳೆ. ನಾಲ್ಕು ವರ್ಷ ಕಸ ಗುಡಿಸಿ, ಐದನೆಯ ವರ್ಷ ಸೂಜಿ ಹಿಡಿಯುತ್ತಾಳೆ. ರೋಗಿಗಳು 'ಸಿಸ್ಟರ್' ಎನ್ನುತ್ತಾರೆ, ಮಾಲೀಕರು ಆಯಾಳ ಸಂಬಳ ಕೊಡುತ್ತಾರೆ. ಹೆಚ್ಚುಕಡಿಮೆಯಾದರೆ ನೋಂದಣಿ ಸಂಖ್ಯೆಯಿಲ್ಲದ ಅವಳೊಬ್ಬಳೇ ಅಪರಾಧಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕರ್ನಾಟಕದಲ್ಲಿ 2007ರಿಂದಲೂ ಇದೆ. ಅದು ಅರ್ಹ ಸಿಬ್ಬಂದಿ ಬೇಕೆನ್ನುತ್ತದೆ. ಅರ್ಹಳಾಗುವ ದಾರಿಯನ್ನು ಮುಚ್ಚಿಟ್ಟು ಅರ್ಹತೆ ಕೇಳುವುದು ಯಾವ ನ್ಯಾಯ?

ಹಳೆಯ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಯನ್ನು ತಂದಿತು. ಅದರಡಿಯ ನಿಯಮಗಳಿಗೆ 35ರ ಈ ಸಾಲು ನಕಲಾಗಬಾರದು. ಅಲ್ಲಿಯವರೆಗೆ ಬೆಳಗಾವಿಯಲ್ಲೇ ಆಗಬಹುದಾದ ಕೆಲಸಗಳಿವೆ. ಪಾಠವೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ, ಮರಾಠಿ, ಉರ್ದು ಮಾಧ್ಯಮದಲ್ಲಿ ಓದಿದ ಹೆಂಗಸರಿಗೆ ಪ್ರವೇಶಕ್ಕೆ ಮೊದಲೇ ಆರು ತಿಂಗಳ ಇಂಗ್ಲಿಷ್ ತರಗತಿ ನಡೆಸಬಹುದು. ಹಾಸ್ಟೆಲಿನಲ್ಲೇ ಇರಬೇಕೆಂದು ಪಟ್ಟು ಹಿಡಿಯದೆ ಮಕ್ಕಳಿರುವ ತಾಯಿಗೆ ದಿನವೂ ಮನೆಯಿಂದ ಬಂದು ಹೋಗಲು ಬಿಡಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಖಾನಾಪುರದಿಂದ ಬೆಳಗಾವಿಗೆ ಸರಕಾರಿ ಬಸ್ಸಿನಲ್ಲಿ ಅವಳಿಗೆ ಟಿಕೆಟಿನ ಖರ್ಚೂ ಇಲ್ಲ.