ಅಬ್ಬಾರ ನಡುಕದ ಲೆಕ್ಕ ಯಾರ ಬಳಿ ಇದೆ?

ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯ ಹಿರಿಯರಿದ್ದರೆ ನಿಮಗೆ ಈ ಪ್ರಯಾಣ ಗೊತ್ತಿರುತ್ತದೆ. ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ರಾತ್ರಿ ಬಸ್ಸು ಹತ್ತಿ, ಬೆಳಗಾಗುವಷ್ಟರಲ್ಲಿ ಬೆಂಗಳೂರು ಮುಟ್ಟಿ, ಚೀಟಿ ಮಾಡಿಸಿ ಕೂರುತ್ತೀರಿ. ಸರದಿ ಬಂದಾಗ ನರರೋಗ ತಜ್ಞರು ಕೇಳುತ್ತಾರೆ: ಮಾತ್ರೆ ನುಂಗಿ ಎಷ್ಟು ಹೊತ್ತಿಗೆ ಕೈಕಾಲು ಸಡಿಲವಾಗುತ್ತದೆ? ಅದು ಎಷ್ಟು ಗಂಟೆ ಇರುತ್ತದೆ? ಮತ್ತೆ ಬಿಗಿಯುವುದು ಯಾವಾಗ? ಜೊತೆಗೆ ಹೋದ ಮಗ ಅಬ್ಬಾರ ಮುಖ ನೋಡುತ್ತಾನೆ. ಬೆಳಿಗ್ಗೆ ಅಂಗಡಿಗೆ ಹೋದರೆ ಇಶಾ ಮುಗಿಸಿ ಮನೆ ಸೇರುವ ಅವನಿಗೆ ಇದೆಲ್ಲ ಹೇಗೆ ಗೊತ್ತಿರಬೇಕು? "ಪರವಾಗಿಲ್ಲ ಸಾರ್" ಎನ್ನುತ್ತಾನೆ. ಆ ಒಂದು ಮಾತಿನ ಮೇಲೆ ಮುಂದಿನ ಮೂರು ತಿಂಗಳ ಮಾತ್ರೆ ತೀರ್ಮಾನವಾಗುತ್ತದೆ.

ಉತ್ತರ ಗೊತ್ತಿದ್ದವರು ಊರಲ್ಲೇ ಉಳಿದಿರುತ್ತಾರೆ. ಅವರು ಅಮ್ಮಿ, ಅಥವಾ ಸೊಸೆ. ಗುಂಡಿ ಹಾಕುವುದು, ಅನ್ನ ಕಲಸಿ ಕೊಡುವುದು, ರಾತ್ರಿ ಮಗ್ಗುಲು ತಿರುಗಿಸುವುದು ಎಲ್ಲವೂ ಅವರದೇ. ನನ್ನ ದವಾಖಾನೆಯಲ್ಲೂ ಇದೇ ಕಥೆ. ಸರಿಯಾದ ವಿವರ ಬೇಕೆಂದರೆ ಮಗನ ಫೋನಿನಿಂದ ಮನೆಗೆ ಕರೆ ಮಾಡಿಸಬೇಕಾಗುತ್ತದೆ. ಆದ್ದರಿಂದ ನನ್ನ ಮೊದಲ ಮಾತು ಇದು: ರೋಗಿಯನ್ನು ದಿನವಿಡೀ ನೋಡುವವರು ಯಾರೋ ಅವರು ಆಸ್ಪತ್ರೆಗೆ ಹೋಗಲಿ. ಬಸ್ ಚಾರ್ಜು, ಮಕ್ಕಳ ಶಾಲೆ, ಮನೆಕೆಲಸ ಎಂಬ ನೆಪಗಳು ನನಗೂ ಗೊತ್ತು. ಹೋಗಲು ಆಗದಿದ್ದರೆ ಅವರು ಬರೆದ ಪುಸ್ತಕವಾದರೂ ಹೋಗಲಿ.

ಪುಸ್ತಕ ಎಂದರೆ ಹತ್ತಿಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಕನ್ನಡವೋ ಉರ್ದುವೋ, ಬರೆಯುವವರಿಗೆ ಬಂದದ್ದು. ಮೊದಲ ಪುಟದಲ್ಲಿ ಎಲ್ಲ ಔಷಧಿಗಳ ಹೆಸರು ಮತ್ತು ಪ್ರಮಾಣ ಇರಲಿ. ಸಕ್ಕರೆ ಕಾಯಿಲೆಯದು, ಬಿಪಿಯದು, ತಲೆಸುತ್ತಿನದು, ಹಕೀಮರು ಕೊಟ್ಟ ಮಾಜೂನು ಯಾವುದನ್ನೂ ಬಿಡಬೇಡಿ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್‌ನಂತಹ ಮಾತ್ರೆಗಳೇ ಕೆಲವರಲ್ಲಿ ಪಾರ್ಕಿನ್ಸನ್‌ನಂತಹ ಲಕ್ಷಣ ತರುತ್ತವೆ, ಇರುವುದನ್ನು ಹೆಚ್ಚಿಸುತ್ತವೆ. ಚೀಟಿಯಿಲ್ಲದೆ ಮೆಡಿಕಲ್ ಸ್ಟೋರ್‌ನಿಂದ ತಂದು ವರ್ಷಗಟ್ಟಲೆ ನುಂಗಿದ ಮಾತ್ರೆಯನ್ನು ವೈದ್ಯರಿಗೆ ಯಾರೂ ಹೇಳಿರುವುದಿಲ್ಲ.

ಮುಂದಿನ ಪುಟಗಳಲ್ಲಿ ಮಾತ್ರೆ ನುಂಗಿದ ಗಂಟೆ, ಊಟದ ಗಂಟೆ, ದೇಹ ಸಡಿಲವಾದ ಗಂಟೆ, ಮತ್ತೆ ಬಿಗಿದ ಗಂಟೆ ಬರೆಯಿರಿ. "ಅಸರ್ ಆದ ಮೇಲೆ" ಎಂದು ಬರೆಯಬೇಡಿ. ನಮಾಝಿನ ಸಮಯ ಋತುವಿನೊಂದಿಗೆ ಸರಿಯುತ್ತದೆ, ವೈದ್ಯರಿಗೆ ಗಡಿಯಾರದ ಗಂಟೆ ಬೇಕು. ವರ್ಷವಿಡೀ ಬರೆಯುವುದೂ ಬೇಡ, ಯಾರಿಂದಲೂ ಆಗದ ಕೆಲಸ ಅದು. ಆಸ್ಪತ್ರೆಗೆ ಹೋಗುವ ಹಿಂದಿನ ಒಂದು ವಾರ ಬರೆಯಿರಿ, ಮಾತ್ರೆ ಬದಲಾದ ಮೇಲೆ ಒಂದು ವಾರ ಬರೆಯಿರಿ. ಆದರೆ ಬಿದ್ದದ್ದನ್ನು ಮಾತ್ರ ಯಾವ ದಿನವಾದರೂ ಬರೆಯಲೇಬೇಕು. ಎಲ್ಲಿ, ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಎಂಬುದೂ ಇರಲಿ.

ಗಂಟೆಗೆ ಇಷ್ಟು ಮಹತ್ವ ಏಕೆ? ಈ ಕಾಯಿಲೆಯಲ್ಲಿ ಮೆದುಳಿನ ಒಂದು ಭಾಗದ ಜೀವಕೋಶಗಳು ಸವೆಯುತ್ತಾ ಡೋಪಮಿನ್ ಕಡಿಮೆಯಾಗುತ್ತದೆ. ಲೆವೊಡೋಪಾ ಮಾತ್ರೆ ಅದನ್ನು ತುಂಬಿಕೊಡುತ್ತದೆ, ಆದರೆ ಕೆಲವೇ ಗಂಟೆಗಳ ಮಟ್ಟಿಗೆ. ವರ್ಷ ಕಳೆದಂತೆ ಆ ಅವಧಿಯೂ ಮೊಟಕಾಗುತ್ತದೆ. ಮಾಂಸ, ಹಾಲು, ಮೊಟ್ಟೆಯ ಪ್ರೋಟೀನು ಹಲವರಲ್ಲಿ ಮಾತ್ರೆ ಮೆದುಳಿಗೆ ತಲುಪುವುದನ್ನು ತಡೆಯುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಜೊತೆಗೇ ನುಂಗಿದರೂ ಲೆವೊಡೋಪಾ ಸರಿಯಾಗಿ ಹೀರಲ್ಪಡುವುದಿಲ್ಲ. ಮದುವೆ ಮನೆಯಲ್ಲಿ ಬಿರಿಯಾನಿ ಉಂಡ ಮಧ್ಯಾಹ್ನವೇ ಅಬ್ಬಾ ಕುರ್ಚಿಯಿಂದ ಏಳಲಾಗಲಿಲ್ಲ ಎಂಬುದು ನಿಮಗೆ ಕಾಕತಾಳೀಯ ಎನಿಸಬಹುದು. ಪುಸ್ತಕದಲ್ಲಿ ಅದು ಮೂರು ಸಲ ಕಂಡರೆ ವೈದ್ಯರಿಗೆ ಸುಳಿವು ಸಿಗುತ್ತದೆ.

ಇನ್ನು ನಡುಕದ ಬಗ್ಗೆ. ತಿಬ್ಬ್ ಗ್ರಂಥಗಳಲ್ಲಿ ಇದಕ್ಕೆ ರಅಶಾ ಎಂಬ ಹೆಸರಿದೆ, ಇಬ್ನ್ ಸೀನಾರ ಅಲ್ ಖಾನೂನ್ ಇದನ್ನು ಚರ್ಚಿಸುತ್ತದೆ. ಆದರೆ ಎಲ್ಲ ರಅಶಾವೂ 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ಕಾಯಿಲೆಯಲ್ಲ. ಪಾರ್ಕಿನ್ಸನ್‌ನ ನಡುಕ ಸಾಮಾನ್ಯವಾಗಿ ಒಂದೇ ಕೈಯಲ್ಲಿ, ಕೈ ಸುಮ್ಮನಿದ್ದಾಗ ಶುರುವಾಗುತ್ತದೆ. ಹೆಬ್ಬೆರಳೂ ತೋರುಬೆರಳೂ ತಸ್ಬೀಹ್ ಮಣಿ ಎಣಿಸಿದಂತೆ ಆಡುತ್ತವೆ, ಮನೆಯವರು ಝಿಕ್ರ್ ಎಂದುಕೊಂಡು ಸುಮ್ಮನಿರುತ್ತಾರೆ. ಮೊಳಕಾಲ್ಮೂರಿನ ನೇಕಾರರ ಮನೆಯಲ್ಲಾದರೆ ಲಾಳಿ ಹಿಡಿದಾಗ ಕೈ ಸರಿಯಿರುತ್ತದೆ, ಲಾಳಿ ಇಟ್ಟು ತೊಡೆಯ ಮೇಲೆ ಕೈಯಿಟ್ಟಾಗ ನಡುಗುತ್ತದೆ. "ಕೆಲಸ ಮಾಡುವಾಗ ಇಲ್ಲವಲ್ಲ, ವಯಸ್ಸಿನದಿರಬೇಕು" ಎಂದು ತಳ್ಳಿಹಾಕಬೇಡಿ. ಕೆಲವರಿಗೆ ನಡುಕವೇ ಇರುವುದಿಲ್ಲ. ನಡೆ ನಿಧಾನವಾಗುವುದು, ದನಿ ಇಳಿಯುವುದು, ಅಕ್ಷರ ಸಣ್ಣದಾಗುವುದು, ನಿದ್ದೆಯಲ್ಲಿ ಕೂಗಿ ಕೈ ಬೀಸುವುದು, ತೀರದ ಮಲಬದ್ಧತೆ ಇವೂ ಲಕ್ಷಣಗಳೇ.

ಮನೆಯಲ್ಲಿ ಪರೀಕ್ಷೆ ಮಾಡುವ ಉತ್ಸಾಹದ ಬಗ್ಗೆ ಎಚ್ಚರ ಹೇಳಬೇಕಿದೆ. ಹಿಂದಿನಿಂದ ಭುಜ ಎಳೆದು ಸಮತೋಲನ ನೋಡುವುದು ವೈದ್ಯರ ಕೆಲಸ. ಮೊಬೈಲಿನಲ್ಲಿ ನೋಡಿ ಅದನ್ನು ಮನೆಯಲ್ಲಿ ಮಾಡಿದರೆ ಸೊಂಟದ ಮೂಳೆ ಮುರಿದೀತು. ಅದರ ಬದಲು ಅರ್ಧ ನಿಮಿಷದ ವಿಡಿಯೋ ಸಾಕು. ಕೂತಾಗಿನ ಕೈ, ನಡೆದು ತಿರುಗುವ ರೀತಿ, ಒಮ್ಮೆ ಮಾತ್ರೆಗೆ ಮುಂಚೆ, ಒಮ್ಮೆ ಮಾತ್ರೆ ಹಿಡಿದ ಮೇಲೆ. ನಡೆಯುವಾಗ ಪಕ್ಕದಲ್ಲಿ ಇನ್ನೊಬ್ಬರಿರಲಿ. ಅವರ ಒಪ್ಪಿಗೆ ಕೇಳಿಯೇ ತೆಗೆಯಿರಿ. ಖಾಂದಾನಿನ ವಾಟ್ಸಾಪ್ ಗುಂಪಿಗೆ ಅದನ್ನು ಕಳಿಸಬೇಡಿ, ನಿಮ್ಮ ಅಬ್ಬಾ ಪ್ರದರ್ಶನದ ವಸ್ತುವಲ್ಲ.

ಡಿಜಿಟಲ್ ಬಿಪಿ ಯಂತ್ರವಿದ್ದರೆ ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೊಮ್ಮೆ, ಮೂರು ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ. ತಲೆ ಸುತ್ತಿದರೆ ಅಳತೆ ಬಿಟ್ಟು ಕೂರಿಸಿ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಕಡಿಮೆಯಾದರೆ ಈ ಇಳಿತ ಹೆಚ್ಚುತ್ತದೆ. ಸುಜೂದಿನಿಂದ ಏಳುವಾಗ ಅನೇಕರು ತೂರಾಡುವುದಕ್ಕೆ ಇದೂ ಒಂದು ಕಾರಣ. ಅಂಥವರು ಕುರ್ಚಿಯಲ್ಲಿ ನಮಾಝ್ ಮಾಡಲಿ, ವುಝೂವನ್ನು ಸ್ಟೂಲಿನ ಮೇಲೆ ಕೂತು ಮಾಡಲಿ. ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲು ತೊಳೆಯುವುದು, ಅದೂ ಒದ್ದೆ ನೆಲದ ಮೇಲೆ, ಬೇಡವೇ ಬೇಡ.

ಯುನಾನಿ ಓದಿದ ನಾನು ಹೇಳಲೇಬೇಕಾದ ಒಂದು ವಿಷಯವಿದೆ. ನಾವು ಕೌಂಚ್ ಎನ್ನುವ ನಸುಗುನ್ನಿ ಬೀಜದಲ್ಲಿ ನಿಜಕ್ಕೂ ಲೆವೊಡೋಪಾ ಇದೆ. 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಅದನ್ನು ಬೀಜದಿಂದ ಬೇರ್ಪಡಿಸಿ ತೋರಿಸಿದ್ದರು. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ, ಆದರೆ ಅಪಾಯವೂ ಅಲ್ಲೇ ಇದೆ. ಆಸ್ಪತ್ರೆಯ ಮಾತ್ರೆಯ ಮೇಲೆ ಕೌಂಚ್ ಪುಡಿ ಸೇರಿದರೆ ಅದೇ ಔಷಧಿ ಎರಡು ಕಡೆಯಿಂದ ಹೋದಂತೆ. ಚಮಚದಲ್ಲಿ ಎಷ್ಟಿದೆ ಎಂಬ ಲೆಕ್ಕವಿಲ್ಲ. ವಾಕರಿಕೆ, ಬಿಪಿ ಕುಸಿತ, ಮೈ ತಾನಾಗಿ ತಿರುಚಿಕೊಳ್ಳುವುದು, ಇಲ್ಲದ್ದು ಕಾಣುವುದು ಎಲ್ಲವೂ ಆಗಬಹುದು. "ಬೇರಿನ ಔಷಧಿ, ಏನೂ ಆಗೋದಿಲ್ಲ" ಎನ್ನುವವರು ನಮ್ಮ ವೈದ್ಯಪದ್ಧತಿಯ ಬಲವನ್ನೇ ಅರಿಯದವರು. ಅದಕ್ಕಿಂತ ದೊಡ್ಡ ಅಪಾಯ, ಯಾರದೋ ಮಾತು ಕೇಳಿ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು. ವಿಪರೀತ ಜ್ವರ, ಮರಗಟ್ಟಿದ ಮೈ, ಮಂಕಾದ ಪ್ರಜ್ಞೆ ಬಂದು ಪ್ರಾಣವೇ ಹೋಗಬಹುದು. ಹೆಚ್ಚಿಸುವುದು, ಇಳಿಸುವುದು, ನಿಲ್ಲಿಸುವುದು ಮೂರೂ ಬರೆದುಕೊಟ್ಟ ವೈದ್ಯರಿಗೇ ಬಿಡಿ.

ಮೂಲೆಯಲ್ಲಿ ಮಗು ಕೂತಿದೆ, ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಹಿರಿಯರು ಹೇಳತೊಡಗಿದರೆ ಜಿನ್ನ್ ಎಂದು ತಾಯಿತ ಕಟ್ಟಿಸಲು ಓಡಬೇಡಿ. ಕಾಯಿಲೆಯಿಂದಲೋ ಮಾತ್ರೆಯಿಂದಲೋ ಮೂತ್ರದ ಸೋಂಕಿನಿಂದಲೋ ಹೀಗಾಗುತ್ತದೆ. ದುಆ ಮಾಡಿ, ಅದೇ ದಿನ ವೈದ್ಯರಿಗೂ ಫೋನ್ ಮಾಡಿ. ನೀರು ಕುಡಿದಾಗಲೆಲ್ಲ ಕೆಮ್ಮು, ಜೊತೆಗೆ ಜ್ವರ ಬಂದರೆ, ಬಿದ್ದು ತಲೆಗೆ ಪೆಟ್ಟಾದರೆ ಅಥವಾ ಮಾತ್ರೆ ನುಂಗಲೇ ಆಗದಿದ್ದರೆ ಬೆಂಗಳೂರಿನ ತಾರೀಖಿಗೆ ಕಾಯದೆ ತಾಲೂಕು ಆಸ್ಪತ್ರೆಗೆ ಒಯ್ಯಿರಿ, ಪುಸ್ತಕವೂ ಜೊತೆಗಿರಲಿ.

ರಮಝಾನ್ ಬಗ್ಗೆ ಶಅಬಾನ್‌ನಲ್ಲೇ ಮಾತಾಡಿಕೊಳ್ಳಿ. ದಿನಕ್ಕೆ ನಾಲ್ಕೈದು ಸಲ ಮಾತ್ರೆ ಬೇಕಾದವರು ಹದಿಮೂರು ಹದಿನಾಲ್ಕು ಗಂಟೆ ಬಿಟ್ಟರೆ ಮೈ ಕಟ್ಟಿಹೋಗುತ್ತದೆ. ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ಕುರ್‌ಆನಿನ ಅಲ್ ಬಕರಃ ಅಧ್ಯಾಯದಲ್ಲೇ ಇದೆ. ಹಿರಿಯರು ಹಟ ಹಿಡಿಯುತ್ತಾರೆ, ನಿಜ. ಇಮಾಮರನ್ನು ಮನೆಗೆ ಕರೆಸಿ, ಪುಸ್ತಕವನ್ನು ಅವರ ಮುಂದಿಡಿ. ಮಕ್ಕಳ ಮಾತಿಗಿಂತ ಇಮಾಮರ ಮಾತನ್ನು ಅಬ್ಬಾ ಬೇಗ ಕೇಳುತ್ತಾರೆ.