ಸೃಷ್ಟಿ, ವಿಕಾಸ ಮತ್ತು ನಮ್ಮ ಮಕ್ಕಳ ಮಾತು

ಕೆಲವು ವಾರಗಳ ಹಿಂದೆ ಭಾನುವಾರದ ಬಲಿಪೂಜೆಯ ನಂತರ ನಡೆದ ಧರ್ಮೋಪದೇಶದ ತರಗತಿಯಲ್ಲಿ ಎಂಟು ವರ್ಷದ ಬಾಲಕನೊಬ್ಬನು ಎದ್ದು ನಿಂತು, "ಫಾದರ್, ನಮ್ಮ ಅಕ್ಕ ಮಂಗ್ಯಾನಿಂದ ಮನುಷ್ಯಾ ಹುಟ್ಯಾನಂತ ಓದಾಕತ್ಯಾಳ್ರಿ. ಹಂಗ ಓದಿದವರು ಸ್ವರ್ಗಕ್ಕ ಹೋಗಂಗಿಲ್ಲಂತ, ಹೌದೇನ್ರಿ?" ಎಂದು ಕೇಳಿದನು. ಮಕ್ಕಳೆಲ್ಲ ನಕ್ಕರು. ಬಾಗಿಲ ಬಳಿ ತಮ್ಮನಿಗಾಗಿ ಕಾಯುತ್ತಿದ್ದ ಆ ಅಕ್ಕ ಮಾತ್ರ ತಲೆ ತಗ್ಗಿಸಿದಳು. ದ್ವಿತೀಯ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದುತ್ತಿರುವ ಆಕೆ ಅನಂತರ ತನ್ನ ಸಂಕಟವನ್ನು ಹೇಳಿಕೊಂಡಳು. ಕಾಲೇಜಿನಲ್ಲಿ ಗೆಳತಿಯೊಬ್ಬಳು ಆದಾಮನ ಕಥೆಯ ಬಗ್ಗೆ ಕೇಳಿದಾಗ ಇವಳು, "ನೀವು ಬೇಕಾದರೆ ಮಂಗನ ಮಕ್ಕಳಾಗಿರಿ, ನಾವು ದೇವರ ಮಕ್ಕಳು" ಎಂದು ಸಿಡುಕಿದ್ದಳಂತೆ. ಅಂದಿನಿಂದ ಆ ಇಬ್ಬರಲ್ಲಿ ಮಾತಿಲ್ಲ. ಮನೆಯಲ್ಲಿ ಪುಸ್ತಕಕ್ಕೆ ಹೆದರಿಕೆ, ಕಾಲೇಜಿನಲ್ಲಿ ಗೆಳೆತನಕ್ಕೆ ಬಿರುಕು. ಇವೆರಡರ ನಡುವೆ ಆ ಮಗು ಒಂಟಿಯಾಗಿತ್ತು.

ಇದು ಒಂದು ಮನೆಯ ಸಮಸ್ಯೆಯಲ್ಲ. ರಾಯಚೂರು ನಗರದಲ್ಲಾಗಲಿ, ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಾಗಲಿ ನಮ್ಮ ಮಕ್ಕಳು ಹಿಂದೂ, ಮುಸ್ಲಿಂ, ಲಿಂಗಾಯತ ಮಕ್ಕಳೊಡನೆ ಒಂದೇ ಬೆಂಚಿನಲ್ಲಿ ಕುಳಿತು ಕಲಿಯುವವರು. ಸೃಷ್ಟಿಯೋ ವಿಕಾಸವೋ ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಾವು ಮಗುವನ್ನು ಒತ್ತಾಯಿಸಿದರೆ ಎರಡು ಅಪಾಯಗಳಿವೆ. ಒಂದು ಮಗು ಪುಸ್ತಕವನ್ನು ಆರಿಸಿಕೊಂಡು ವಿಶ್ವಾಸವನ್ನು ಸದ್ದಿಲ್ಲದೆ ತೊರೆಯುತ್ತದೆ. ಮತ್ತೊಂದು ಮಗು ವಿಶ್ವಾಸದ ಹೆಸರಿನಲ್ಲಿ ವಾದವನ್ನು ಗೆದ್ದು ಗೆಳೆಯನನ್ನು ಕಳೆದುಕೊಳ್ಳುತ್ತದೆ. ಎರಡೂ ನಷ್ಟವೇ. ಅದಕ್ಕಿಂತ ಮುಖ್ಯವಾಗಿ, ಧರ್ಮಸಭೆಯು ಈ ಆಯ್ಕೆಯನ್ನು ನಮ್ಮ ಮೇಲೆ ಹೊರಿಸಿಯೇ ಇಲ್ಲ.

ವಿಜ್ಞಾನವು ಹೇಳುವುದಾದರೂ ಏನು? ಇಂದಿನ ಮಂಗನಿಂದ ಮನುಷ್ಯ ಹುಟ್ಟಿದನೆಂದು ಅದು ಹೇಳುವುದಿಲ್ಲ. ಇಬ್ಬರಿಗೂ ಬಹು ಪ್ರಾಚೀನ ಕಾಲದಲ್ಲಿ ಸಮಾನ ಪೂರ್ವಜರಿದ್ದರೆಂದು ಹೇಳುತ್ತದೆ. ಬದಲಾವಣೆ ನಡೆಯುವ ರೀತಿಯನ್ನು ನಮ್ಮ ರೈತರು ಹೊಲದಲ್ಲಿಯೇ ಕಂಡಿದ್ದಾರೆ. 2002ರಲ್ಲಿ ಬಿ.ಟಿ. ಹತ್ತಿಯು ದೇಶಕ್ಕೆ ಬಂದಾಗ ಕಾಯಿಕೊರಕದ ಹುಳುಗಳು ಅದನ್ನು ತಿಂದು ಸಾಯುತ್ತಿದ್ದವು. ಲಕ್ಷಾಂತರ ಹುಳುಗಳಲ್ಲಿ ಆ ವಿಷವನ್ನು ತಾಳಬಲ್ಲ ಕೆಲವೇ ಕೆಲವು ಬದುಕಿ ಉಳಿದವು. ಅವುಗಳ ಸಂತತಿಯೇ ಹೆಚ್ಚಿತು. ಗುಲಾಬಿ ಕಾಯಿಕೊರಕವು ಮತ್ತೆ ಹತ್ತಿಯ ಕಾಯಿಗೆ ನುಗ್ಗಿತು. ಚಾರ್ಲ್ಸ್ ಡಾರ್ವಿನ್ 1859ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ಆಯ್ಕೆಯ ತತ್ತ್ವದ ಒಂದು ಸಣ್ಣ ದೃಷ್ಟಾಂತವಿದು. ಇದನ್ನು ಅರಿಯುವುದರಲ್ಲಿ ಪಾಪವೆಲ್ಲಿದೆ?

ಧರ್ಮಸಭೆಯ ಬೋಧನೆಯೂ ಸ್ಪಷ್ಟವಾಗಿದೆ. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ತಮ್ಮ ವಿಶ್ವಪತ್ರದಲ್ಲಿ ಮಾನವ ಶರೀರದ ಉಗಮದ ಕುರಿತು ವಿದ್ವಾಂಸರು ಸಂಶೋಧನೆ, ಚರ್ಚೆ ನಡೆಸಲು ಅಡ್ಡಿಯಿಲ್ಲವೆಂದರು. ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆಂಬ ಸತ್ಯವನ್ನು ಎತ್ತಿ ಹಿಡಿದರು. 1996ರಲ್ಲಿ ಸಂತ ಎರಡನೆಯ ಜಾನ್ ಪಾಲ್ ಅವರು ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಗೆ ಕಳುಹಿಸಿದ ಸಂದೇಶದಲ್ಲಿ, ವಿಕಾಸ ಸಿದ್ಧಾಂತವು ಇನ್ನು ಕೇವಲ ಊಹೆಯಾಗಿ ಉಳಿದಿಲ್ಲವೆಂದು ಒಪ್ಪಿದರು. 2014ರಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಅದೇ ಅಕಾಡೆಮಿಯ ಮುಂದೆ ಮಾತನಾಡುತ್ತ, ಪ್ರಕೃತಿಯ ವಿಕಾಸಕ್ಕೂ ಸೃಷ್ಟಿಯ ವಿಶ್ವಾಸಕ್ಕೂ ವಿರೋಧವಿಲ್ಲವೆಂದು ತಿಳಿಸಿದರು. ವಂಶವಾಹಿ ಶಾಸ್ತ್ರಕ್ಕೆ ತಳಪಾಯ ಹಾಕಿದ ಗ್ರೆಗೊರ್ ಮೆಂಡೆಲ್ ಸಂತ ಅಗಸ್ಟೀನರ ಸಭೆಯ ಸನ್ಯಾಸಿ. ವಿಶ್ವವು ವಿಸ್ತರಿಸುತ್ತಿದೆಯೆಂದು 1927ರಲ್ಲಿ ಪ್ರತಿಪಾದಿಸಿದ ಜಾರ್ಜ್ ಲೆಮೈತ್ರ್ ಒಬ್ಬ ಬೆಲ್ಜಿಯನ್ ಯಾಜಕರು. ಈ ಹೆಸರುಗಳನ್ನು ನಮ್ಮ ಮಕ್ಕಳು ತಿಳಿದಿರಬೇಡವೇ?

ಹಾಗಾದರೆ ಆದಿಕಾಂಡದ ಗತಿಯೇನು ಎಂದು ಕೆಲವು ತಂದೆತಾಯಿಗಳು ಆತಂಕಪಡುವುದುಂಟು. ನಮ್ಮ ರಾಯಚೂರು ಕೋಟೆಯಲ್ಲಿ ನಲವತ್ತು ಅಡಿಗೂ ಮಿಕ್ಕಿ ಉದ್ದವಿರುವ ಕಲ್ಲೊಂದಿದೆ. ಕೋಟೆಯನ್ನು ಕಟ್ಟಿಸಿದ ವಿಷಯವನ್ನು ತಿಳಿಸುವ ಕಾಕತೀಯರ ಕಾಲದ 1294ರ ಶಾಸನ ಅದರ ಮೇಲಿದೆ. ಭೂವಿಜ್ಞಾನಿಯೊಬ್ಬರು ಅದೇ ಕಲ್ಲಿನ ಮುಂದೆ ನಿಂತರೆ, ಈ ಸೀಮೆಯ ಬಂಡೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವೆಂದು ಹೇಳಿಯಾರು. ಶಾಸನ ಓದುವವರು ಅದನ್ನು ಯಾರು, ಏಕೆ ಇಲ್ಲಿ ನಿಲ್ಲಿಸಿದರೆಂದು ಹೇಳುವರು. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಕಲ್ಲನ್ನು ಎಷ್ಟು ಪರೀಕ್ಷಿಸಿದರೂ ಕಟ್ಟಿಸಿದವನ ಉದ್ದೇಶ ದೊರೆಯದು; ಶಾಸನವನ್ನು ಎಷ್ಟು ಓದಿದರೂ ಕಲ್ಲಿನ ವಯಸ್ಸು ತಿಳಿಯದು. ಆದಿಕಾಂಡವು ನಮಗೆ ಶಾಸನವಿದ್ದಂತೆ. ಈ ಜಗತ್ತು ಒಬ್ಬ ದೇವರ ಪ್ರೀತಿಯಿಂದ ಬಂದುದು, ಅದು ಒಳ್ಳೆಯದು, ಮನುಷ್ಯನು ದೇವರ ಪ್ರತಿರೂಪ, ಪಾಪವು ಆ ರೂಪವನ್ನು ಕೆಡಿಸಿತು ಎಂಬ ಸತ್ಯಗಳನ್ನು ಅದು ಸಾರುತ್ತದೆ.

ಸಂತ ಅಗಸ್ಟೀನರು ಐದನೆಯ ಶತಮಾನದ ಆರಂಭದಲ್ಲಿಯೇ ಈ ಬಗ್ಗೆ ಎಚ್ಚರಿಸಿದ್ದರು. ಆಕಾಶ, ಭೂಮಿ, ಪ್ರಾಣಿಗಳ ಕುರಿತು ಕ್ರೈಸ್ತನೊಬ್ಬನು ಪವಿತ್ರ ಗ್ರಂಥದ ಹೆಸರಿನಲ್ಲಿ ಅಜ್ಞಾನದ ಮಾತನಾಡಿದರೆ, ಕೇಳಿದವರು ನಗುವುದು ಅವನೊಬ್ಬನನ್ನು ನೋಡಿಯಷ್ಟೇ ಅಲ್ಲ. ಪವಿತ್ರ ಗ್ರಂಥವೇ ನಗೆಗೀಡಾಗುತ್ತದೆ ಎಂಬುದು ಅವರ ಕಳವಳವಾಗಿತ್ತು.

ಮಕ್ಕಳಿಗೆ ಈ ವಿಷಯ ತಿಳಿದರಷ್ಟೇ ಸಾಲದು, ಮಾತನಾಡುವ ರೀತಿಯನ್ನೂ ಕಲಿಸಬೇಕು. ನಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಸೌಮ್ಯತೆಯಿಂದ, ಗೌರವದಿಂದ ಉತ್ತರಿಸಬೇಕೆಂಬುದು ಪ್ರೇಷಿತ ಪೇತ್ರರ ಬೋಧನೆ. ಸಂತ ಥಾಮಸ್ ಅಕ್ವಿನಾಸರು ಪ್ರತಿಯೊಂದು ಪ್ರಶ್ನೆಯಲ್ಲೂ ಮೊದಲು ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಡನೆ ಮುಂದಿಟ್ಟು, ಅನಂತರವೇ ತಮ್ಮ ಉತ್ತರವನ್ನು ಬರೆದರು. "ನೀನು ಹೇಳುವುದು ಇದೇ ತಾನೇ?" ಎಂದು ಕೇಳಿ, ಗೆಳೆಯನು ಹೌದೆಂದ ಮೇಲೆ ಮಾತ್ರ ತನ್ನ ಮಾತನ್ನು ಹೇಳುವ ಅಭ್ಯಾಸವನ್ನು ನಮ್ಮ ಮಕ್ಕಳು ಅವರಿಂದ ಕಲಿಯಲಿ. ತಿಳಿಯದಿದ್ದಲ್ಲಿ "ನನಗೆ ಗೊತ್ತಿಲ್ಲ, ಕೇಳಿ ಹೇಳುತ್ತೇನೆ" ಎನ್ನಲು ನಾಚದಿರಲಿ. ಪಾಠ ಹೇಳುವ ಅಧ್ಯಾಪಕರು ಯಾವ ಧರ್ಮದವರೇ ಆಗಿರಲಿ, ಅವರು ಗುರುಗಳು. ಅವರನ್ನು ಅವಮಾನಿಸುವುದು ವಿಶ್ವಾಸದ ಸಾಕ್ಷಿಯಲ್ಲ. ಮುಸ್ಲಿಂ ಗೆಳೆಯನೂ ಆದಾಮನನ್ನು ಬಲ್ಲನು. ಹಿಂದೂ ಗೆಳತಿಯ ಮನೆಯಲ್ಲಿಯೂ ಸೃಷ್ಟಿಯ ಕಥೆಗಳಿವೆ. ಅವನ್ನು ಕೇಳುವ ಕುತೂಹಲವಿರಲಿ. ಆರು ದಿನಗಳನ್ನು ಅಕ್ಷರಶಃ ನಂಬುವ ಇತರ ಕ್ರೈಸ್ತ ಸಹೋದರರನ್ನು ಮೂಢರೆಂದು ಜರೆಯುವುದೂ ಸಲ್ಲದು. ಅವರೂ ದೇವರನ್ನು ಪ್ರೀತಿಸುವವರೇ. ವಿಕಾಸವಿರುವುದರಿಂದ ದೇವರಿಲ್ಲವೆಂದು ಯಾರಾದರೂ ವಾದಿಸಿದರೆ, ಅದು ಜೀವಶಾಸ್ತ್ರದ ತೀರ್ಮಾನವಲ್ಲ, ತತ್ತ್ವಶಾಸ್ತ್ರದ ಒಂದು ಅಭಿಪ್ರಾಯವೆಂದು ಶಾಂತವಾಗಿ ಹೇಳಬಹುದು. ಮಾನ್ವಿಯ ರೈತನು ಕಾಲುವೆಯ ನೀರು, ಬೀಜ, ಗೊಬ್ಬರ ಎಲ್ಲವನ್ನೂ ಲೆಕ್ಕ ಹಾಕಿದ ಮೇಲೂ ಭತ್ತದ ರಾಶಿಯ ಮುಂದೆ "ದೇವರು ಕೊಟ್ಟ" ಎನ್ನುತ್ತಾನೆ. ಲೆಕ್ಕವೂ ನಿಜ, ಕೃತಜ್ಞತೆಯೂ ನಿಜ.

ಈ ಹೊಣೆ ಈಗ ಮನೆಗಳ ಮೇಲೆ ಹೆಚ್ಚಾಗಿದೆ. 2018ರಲ್ಲಿ ಅಂದಿನ ಕೇಂದ್ರದ ರಾಜ್ಯ ಸಚಿವರೊಬ್ಬರು ಡಾರ್ವಿನ್ನನ ಸಿದ್ಧಾಂತವೇ ತಪ್ಪೆಂದು ಹೇಳಿದಾಗ ವಿಜ್ಞಾನಿಗಳು ಅದನ್ನು ಖಂಡಿಸಿದರು. 2023ರಲ್ಲಿ ಎನ್.ಸಿ.ಇ.ಆರ್.ಟಿ.ಯ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಪಾಠವನ್ನು ಕೈಬಿಟ್ಟುದನ್ನು 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರದ ಮೂಲಕ ವಿರೋಧಿಸಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಅಧ್ಯಾಯ ಉಳಿಯಿತಾದರೂ, ಆ ವಿಷಯವನ್ನು ಆರಿಸಿಕೊಳ್ಳದ ಮಕ್ಕಳು ವಿಕಾಸದ ಬಗ್ಗೆ ಕೇಳುವುದು ಗೆಳೆಯರ ಹಾಸ್ಯದಿಂದಲೋ ಹಿರಿಯರ ಗದರಿಕೆಯಿಂದಲೋ ಆಗಬಹುದು. ಆದುದರಿಂದ ತಂದೆತಾಯಿಗಳೇ, ಮಗು ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸಬೇಡಿರಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಕಾದಂಬರಿಯನ್ನು ಮಕ್ಕಳೊಡನೆ ಕುಳಿತು ಓದಿರಿ. ಹಾರುವ ಓತಿಯನ್ನು ಅರಸಿ ಹೊರಡುವ ಆ ವಿಜ್ಞಾನಿಯ ಬೆರಗು ದೇವರ ಸೃಷ್ಟಿಯನ್ನು ಕಾಣುವ ಕಣ್ಣಿಗೆ ಅನ್ಯವಲ್ಲ.

ಆ ವಿದ್ಯಾರ್ಥಿನಿಗೆ ನಾನು ಹೇಳಿದ್ದು ಇಷ್ಟೇ: "ಮೊದಲು ಹೋಗಿ ಕ್ಷಮೆ ಕೇಳಮ್ಮಾ, ಆಮೇಲೆ ಆದಾಮನ ವಿಷಯ ಮಾತಾಡುವೆಯಂತೆ." ಮುಂದಿನ ಭಾನುವಾರ ಅವಳ ತಮ್ಮನೇ ವರದಿ ತಂದನು: ಗೆಳತಿ ಮನೆಗೆ ಬಂದಿದ್ದಳು, ಇಬ್ಬರೂ ಸೇರಿ ಆ ಅಧ್ಯಾಯವನ್ನು ಓದಿದರು, ಅಮ್ಮ ಚಹಾ ಮಾಡಿ ಕೊಟ್ಟರು. ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದವರು ನಾವೆಂದು ನಂಬುವುದಾದರೆ, ನಮ್ಮೊಡನೆ ವಾದಿಸುವವರಲ್ಲಿಯೂ ಆ ರೂಪವನ್ನು ಕಾಣುವ ಕೃಪೆಯನ್ನು ದೇವರು ನಮ್ಮ ಮಕ್ಕಳಿಗೂ ನಮಗೂ ಅನುಗ್ರಹಿಸಲಿ.